ಹೊಸ ತಾಯಿಗೆ ಸಲಹೆ ಸಾಕು, ನಿದ್ದೆ ಕೊಡಿ

ಮಾನ್ಯ ಸಂಪಾದಕರೇ,

ಮೊದಲ ಹೆರಿಗೆಯಾದ ತಾಯಂದಿರು ಒತ್ತಡ ಕಡಿಮೆ ಮಾಡಿಕೊಳ್ಳುವುದು ಹೇಗೆ ಅಂತ ಪತ್ರಿಕೆಗಳಲ್ಲಿ ಆಗಾಗ ಲೇಖನ ಬರುತ್ತವೆ. ನಿಮ್ಮಲ್ಲೂ ಬಂದಿವೆ, ಬೇರೆ ಕಡೆಯೂ ಬಂದಿವೆ. ಬರೆದವರ ಮನಸ್ಸು ಒಳ್ಳೆಯದೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಅವನ್ನು ಓದಿದಾಗೆಲ್ಲ ನನಗೆ ಒಂದೇ ಪ್ರಶ್ನೆ ಏಳುತ್ತದೆ. ಇದನ್ನು ಯಾರಿಗೆ ಅಂತ ಬರೆದಿದ್ದಾರೆ? ಧ್ಯಾನ ಮಾಡಿ, ದಿನಾ ಸ್ವಲ್ಪ ಹೊತ್ತು ನಡೆಯಿರಿ, ಡೈರಿ ಬರೆಯಿರಿ, ನಿಮಗೋಸ್ಕರ ಸಮಯ ತೆಗೆದಿಡಿ, ಒಳ್ಳೆಯದನ್ನೇ ಯೋಚಿಸಿ, ಮಗು ಮಲಗಿದಾಗ ನೀವೂ ಮಲಗಿ. ಎಲ್ಲವೂ ತಾಯಿಗೇ ಹೇಳಿದ್ದು. ಹೊಲಿಗೆ ಇನ್ನೂ ಮಾಗಿಲ್ಲ, ಎರಡು ಗಂಟೆ ಒಟ್ಟಿಗೆ ನಿದ್ದೆ ಕಂಡಿಲ್ಲ, ಅಂಥವಳ ಕೈಗೆ ಮಾಡಬೇಕಾದ ಇನ್ನಷ್ಟು ಕೆಲಸಗಳ ಪಟ್ಟಿ ಕೊಡುತ್ತಿದ್ದೇವೆ. ಅವಳ ಒತ್ತಡ ಇಳಿಸುವ ಜವಾಬ್ದಾರಿಯೂ ಅವಳ ತಲೆಗೇ ಬಂತು, ಅಲ್ವಾ?

ನನ್ನ ಕೋರಿಕೆ ಇಷ್ಟು. ಈ ಲೇಖನಗಳನ್ನು ಇನ್ನು ಮೇಲೆ ತಾಯಿಯ ಸುತ್ತ ಇರುವವರಿಗೆ ಬರೆಸಿ. ಗಂಡನಿಗೆ, ಅವಳ ಅಮ್ಮನಿಗೆ, ಅತ್ತೆಗೆ, ಅಕ್ಕತಂಗಿಯರಿಗೆ, ಗೆಳತಿಯರಿಗೆ, ಅವಳು ಕೆಲಸ ಮಾಡುವ ಕಡೆಯ ಮೇಲಧಿಕಾರಿಗೆ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಪತ್ರ ಉದ್ದವಾದರೂ ದಯವಿಟ್ಟು ಓದಿ.

ಮೊದಲು ಮೈಯ ವಿಷಯ. ಬಸುರಿಯಾಗಿದ್ದಷ್ಟು ದಿನ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನುಗಳು ಮೈಯಲ್ಲಿ ತುಂಬಾ ಜಾಸ್ತಿ ಇರುತ್ತವೆ. ಮಾಸು ಹೊರಗೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಅವು ಸರ್ರನೆ ಇಳಿದುಬಿಡುತ್ತವೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ, ಎರಡನೇ ದಿನದಿಂದ ಐದನೇ ದಿನದೊಳಗೆ, ಎದೆಯಲ್ಲಿ ಹಾಲು ತುಂಬಿಕೊಂಡು ಬಿಗಿಯುತ್ತದೆ, ನೋಯುತ್ತದೆ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು. ರಕ್ತ ಹೋಗುವುದು ನಾಲ್ಕರಿಂದ ಆರು ವಾರ ನಡೆಯಬಹುದು. ಸಿಸೇರಿಯನ್ ಆಗಿದ್ದರೆ ಅದು ಹೊಟ್ಟೆಯ ದೊಡ್ಡ ಆಪರೇಷನ್. ಬೇರೆ ಯಾವ ದೊಡ್ಡ ಆಪರೇಷನ್ ಆದರೂ ರೋಗಿಯನ್ನು ಮಲಗಿಸಿ, ಎಚ್ಚರ ಮಾಡಬೇಡಿ ಅಂತ ಮನೆಯವರೇ ಬಾಗಿಲು ಕಾಯುತ್ತಾರೆ. ಈ ಒಂದು ಆಪರೇಷನ್ ಆದವಳ ಕೈಗೆ ಮಾತ್ರ ಅದೇ ದಿನ ಇನ್ನೊಂದು ಜೀವ ಕೊಟ್ಟು, ಎರಡೆರಡು ಗಂಟೆಗೆ ಎದ್ದು ಹಾಲು ಕೊಡು ಅನ್ನುತ್ತೇವೆ. ಅವಳು ಏಳುತ್ತಾಳೆ ಕೂಡ. ಆಮೇಲೆ ಹತ್ತನೇ ದಿನಕ್ಕೆ ಅವಳು ಯಾಕೋ ಸಪ್ಪಗಿದ್ದಾಳೆ ಅಂತ ಎಲ್ಲರಿಗೂ ಆಶ್ಚರ್ಯ.

ಈಗ ನಿದ್ದೆ. ನನ್ನ ಪತ್ರದ ಮುಖ್ಯ ವಿಷಯವೇ ಇದು.

ಹುಟ್ಟಿದ ಮಗು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ. ಕೇಳಿದವರಿಗೆ ಬೇಕಾದಷ್ಟು ಆಯಿತಲ್ಲ, ತಾಯಿಗೂ ಅಷ್ಟೇ ನಿದ್ದೆ ಸಿಗುತ್ತದಲ್ಲ ಅನ್ನಿಸುತ್ತದೆ. ಸಿಗುವುದಿಲ್ಲ. ಮಗು ಮಲಗುವುದು ತುಂಡು ತುಂಡಾಗಿ. ಹಗಲು ಯಾವುದು ರಾತ್ರಿ ಯಾವುದು ಅನ್ನುವ ಲೆಕ್ಕ ಅದರ ಮೈಗೆ ಗೊತ್ತಾಗುವುದಕ್ಕೆ ಎರಡು ಮೂರು ತಿಂಗಳು ಬೇಕು. ದಿನದಲ್ಲಿ 8ರಿಂದ 12 ಸಲ ಹಾಲು ಕುಡಿಯುತ್ತದೆ. ಒಂದು ಸಲ ಅಂದರೆ ಬರೀ ಕುಡಿಸುವುದಲ್ಲ. ಎಚ್ಚರವಾಗಬೇಕು, ಎದ್ದು ಕೂರಬೇಕು, ಮಗು ಬಾಯಲ್ಲಿ ಎದೆ ಸರಿಯಾಗಿ ಹಿಡಿಯುವ ತನಕ ಒದ್ದಾಡಬೇಕು, ಕುಡಿಸಬೇಕು, ಬೆನ್ನು ತಟ್ಟಿ ತೇಗು ಬರಿಸಬೇಕು, ಒದ್ದೆ ಬಟ್ಟೆ ಬದಲಿಸಬೇಕು, ಮತ್ತೆ ಮಲಗಿಸಬೇಕು, ಮಲಗಿತಾ ಅಂತ ಉಸಿರು ಬಿಗಿಹಿಡಿದು ನೋಡಬೇಕು. ಇಷ್ಟಕ್ಕೆ ಒಂದು ಗಂಟೆ ಹೋಗುತ್ತದೆ. ಮುಂದಿನ ಸರದಿಗೆ ಉಳಿಯುವುದು ಒಂದೂವರೆ ಗಂಟೆ, ಅದರಲ್ಲಿ ಅವಳಿಗೆ ನಿದ್ದೆ ಹತ್ತುವುದಕ್ಕೇ ಅರ್ಧ ಗಂಟೆ. ಹಗಲು ಮಗು ಮಲಗಿದಾಗ ಮಲಗೋಣ ಅಂದರೆ ಸ್ನಾನ ಆಗಿಲ್ಲ, ಊಟ ಆಗಿಲ್ಲ, ಬಟ್ಟೆ ರಾಶಿ ಬಿದ್ದಿದೆ, ನೋಡೋಕೆ ಯಾರೋ ಬಂದಿದ್ದಾರೆ. ಹಾಗಾಗಿ 'ಮಗು ಮಲಗಿದಾಗ ಮಲಗು' ಅನ್ನುವ ಮಾತು ಹೇಳೋಕೆ ಚೆನ್ನ, ಆ ಕೆಲಸಗಳನ್ನು ಬೇರೆ ಯಾರಾದರೂ ಮಾಡದಿದ್ದರೆ ಅದರಿಂದ ಒಂದು ಪೈಸೆಯ ಉಪಯೋಗ ಇಲ್ಲ.

ನಿದ್ದೆ ಕೆಟ್ಟರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಳು ಬರುತ್ತದೆ, ಚಿಕ್ಕದು ದೊಡ್ಡದಾಗಿ ಕಾಣುತ್ತದೆ. ಒಂದು ರಾತ್ರಿ ಪ್ರಯಾಣದಲ್ಲಿ ನಿದ್ದೆಗೆಟ್ಟು ಬಂದ ಗಂಡಸರು ಮರುದಿನ ಮನೆಯವರ ಮೇಲೆ ಹೇಗೆ ರೇಗುತ್ತಾರೆ ಅಂತ ನಮಗೆಲ್ಲ ಗೊತ್ತಿದೆ. ಹೊಸ ತಾಯಿಗೆ ಇದು ವಾರಗಟ್ಟಲೆ ನಡೆಯುತ್ತದೆ. ಮೇಲೆ ಹಾರ್ಮೋನು ಇಳಿದಿದೆ, ಮೈ ನೋಯುತ್ತಿದೆ, ಮಾಡುತ್ತಿರುವ ಕೆಲಸ ಹಿಂದೆ ಯಾವತ್ತೂ ಮಾಡಿದ್ದಲ್ಲ, ಅದರಲ್ಲಿ ತಪ್ಪಿದರೆ ಏನಾಗುತ್ತೋ ಅನ್ನುವ ಹೆದರಿಕೆ ಬೇರೆ. ಇಂಥ ಸ್ಥಿತಿಯಲ್ಲಿ ಮನಸ್ಸು ಗಟ್ಟಿ ಮಾಡಿಕೋ ಅಂದರೆ ಎಲ್ಲಿಂದ ಮಾಡಿಕೊಳ್ಳಬೇಕು?

ಆದ್ದರಿಂದ ಮನೆಯವರು ಮಾಡಬಹುದಾದ ಅತಿ ದೊಡ್ಡ ಉಪಕಾರ ಅಂದರೆ ಇಪ್ಪತ್ನಾಲ್ಕು ಗಂಟೆಯಲ್ಲಿ ಒಂದು ಸಲ ಅವಳಿಗೆ ನಾಲ್ಕೈದು ಗಂಟೆ ಒಟ್ಟಿಗೆ ನಿದ್ದೆ ಸಿಗುವ ಹಾಗೆ ನೋಡಿಕೊಳ್ಳುವುದು. ಬೇರೆ ಕೋಣೆಯಲ್ಲಿ, ಬಾಗಿಲು ಮುಚ್ಚಿ, ಫೋನು ಹೊರಗೆ. ಮಗುವಿನ ಅಳು ಕಿವಿಗೆ ಬೀಳಬಾರದು, ಯಾಕೆಂದರೆ ಬಿದ್ದರೆ ಅವಳು ಏಳುತ್ತಾಳೆ, ಬೇರೆಯವರು ಎತ್ತಿಕೊಂಡಿದ್ದರೂ ಏಳುತ್ತಾಳೆ. ಆ ಹೊತ್ತು ಮಗುವಿನ ಪೂರ್ತಿ ಜವಾಬ್ದಾರಿ ಗಂಡನದ್ದು, ಇಲ್ಲವೇ ಅಮ್ಮನದ್ದು, ಅತ್ತೆಯದ್ದು. ಪೂರ್ತಿ ಅಂದರೆ ಪೂರ್ತಿ. ನಡುವೆ ಬಂದು 'ಇದರ ಟೋಪಿ ಎಲ್ಲಿದೆ' ಅಂತ ಕೇಳುವ ಹಾಗಿಲ್ಲ.

ಎದೆಹಾಲು ಕೊಡುವವಳಿಗೆ ಇದು ಹೇಗೆ ಸಾಧ್ಯ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಮೊದಲ ಕೆಲವು ವಾರ ಹಾಲು ಚೆನ್ನಾಗಿ ಬರುವುದಕ್ಕೆ ಪದೇ ಪದೇ ಕುಡಿಸಲೇಬೇಕು, ತುಂಬಾ ಹೊತ್ತು ಬಿಟ್ಟರೆ ಎದೆ ಕಟ್ಟಿ ನೋಯುತ್ತದೆ. ಆ ದಿನಗಳಲ್ಲಿ ಹೀಗೆ ಮಾಡಬಹುದು: ಮಗುವನ್ನು ಅವಳ ಹತ್ತಿರ ತರುವುದು ಹಾಲಿಗೆ ಮಾತ್ರ, ಕುಡಿದು ಮುಗಿದ ತಕ್ಷಣ ಎತ್ತಿಕೊಂಡು ಹೋಗುವುದು. ತೇಗು ಬರಿಸುವುದು, ಬಟ್ಟೆ ಬದಲಿಸುವುದು, ತಟ್ಟಿ ಮಲಗಿಸುವುದು ಎಲ್ಲ ಬೇರೆಯವರದ್ದು. ಇಷ್ಟರಿಂದಲೇ ರಾತ್ರಿಗೆ ಎರಡು ಮೂರು ಗಂಟೆ ನಿದ್ದೆ ಉಳಿಯುತ್ತದೆ. ಮುಂದೆ ಹಾಲು ಚೆನ್ನಾಗಿ ಬರತೊಡಗಿದ ಮೇಲೆ ಹಿಂಡಿ ತೆಗೆದಿಟ್ಟು ಒಂದು ಸರದಿಯನ್ನು ಬೇರೆಯವರು ಕುಡಿಸಬಹುದು. ಅದನ್ನು ಹೇಗೆ ಇಡಬೇಕು, ಹೇಗೆ ಕುಡಿಸಬೇಕು ಅಂತ ನರ್ಸ್ ಹತ್ತಿರ ಒಮ್ಮೆ ಕೇಳಿದರೆ ಹೇಳಿಕೊಡುತ್ತಾರೆ. ಕೇಳಬೇಕಾದವರು ಯಾರು? ರಾತ್ರಿ ಎದ್ದು ಕುಡಿಸುವವರೇ ಕೇಳಲಿ.

ಇನ್ನೊಂದು ಮಾತು, ಇದು ಜೀವದ ವಿಷಯ. ರಾತ್ರಿ ಮಗುವನ್ನು ನೋಡಿಕೊಳ್ಳುವವರು, ತಾಯಿಯಾಗಲಿ ತಂದೆಯಾಗಲಿ, ಸೋಫಾದ ಮೇಲೆ ಮಗುವನ್ನು ಎದೆ ಮೇಲೆ ಹಾಕಿಕೊಂಡು ನಿದ್ದೆ ಹೋಗಬಾರದು. ಉಸಿರುಗಟ್ಟುವ ಅಪಾಯ ಅಲ್ಲಿ ತುಂಬಾ ಜಾಸ್ತಿ. ಮಗುವನ್ನು ಅದರ ಜಾಗದಲ್ಲಿ, ಗಟ್ಟಿ ಸಮತಟ್ಟು ಹಾಸಿಗೆಯ ಮೇಲೆ, ಅಂಗಾತ ಮಲಗಿಸಬೇಕು. ಸುಸ್ತಾದ ತಾಯಿ ಒಬ್ಬಳೇ ಕೂತು ಕುಡಿಸುತ್ತಾ ತೂಕಡಿಸುವ ಮನೆಯಲ್ಲಿ ಈ ಅಪಾಯ ದಿನಾ ಇರುತ್ತದೆ. ಅವಳಿಗೆ ನಿದ್ದೆ ಕೊಡಿ ಅನ್ನುವುದು ಮಗುವಿನ ಸುರಕ್ಷತೆಗೂ ಹೇಳಿದ ಮಾತೇ.

ನನ್ನ ಮಗು ಹುಟ್ಟಿದಾಗ ನನ್ನ ಅತ್ತಿಗೆ ಬಂದು ಕೆಲವು ದಿನ ಇದ್ದರು. ಅವರು ನನಗೆ ಒಂದೇ ಒಂದು ಸಲಹೆ ಹೇಳಿದ ನೆನಪಿಲ್ಲ. ರಾತ್ರಿ ಹತ್ತಕ್ಕೆ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡು 'ನೀನು ಹೋಗಿ ಮಲಗು, ಹಾಲಿಗೆ ಬೇಕಾದಾಗ ನಾನೇ ಎಬ್ಬಿಸುತ್ತೇನೆ' ಅಂದರು. ಆ ಮಾತಿನಲ್ಲಿ ನನಗೆ ಹಿಡಿಸಿದ್ದು ಕೊನೆಯ ಭಾಗ. ಯಾವಾಗ ಏಳಬೇಕು ಅಂತ ನೆನಪಿಟ್ಟುಕೊಳ್ಳುವ ಕೆಲಸವನ್ನೂ ಅವರು ತೆಗೆದುಕೊಂಡರು. ತಲೆಯೊಳಗೆ ಸದಾ ಓಡುತ್ತಿರುವ ಲೆಕ್ಕ ಇದೆಯಲ್ಲ, ಕೊನೆಗೆ ಯಾವಾಗ ಕುಡಿಯಿತು, ಎಷ್ಟು ಸಲ ಒದ್ದೆ ಮಾಡಿತು, ಲಸಿಕೆ ಯಾವತ್ತು, ಡ್ರಾಪ್ಸ್ ಹಾಕಿದ್ದಾಯಿತಾ, ಅದು ಹೊರಗಿನವರ ಕಣ್ಣಿಗೆ ಕಾಣುವುದಿಲ್ಲ. ಕೈ ಕೆಲಸಕ್ಕಿಂತ ಅದೇ ಜಾಸ್ತಿ ಸುಸ್ತು ಮಾಡುತ್ತದೆ. 'ಏನಾದರೂ ಬೇಕಿದ್ದರೆ ಹೇಳು' ಅನ್ನುವ ಗಂಡಂದಿರು ಇಲ್ಲಿ ದಯವಿಟ್ಟು ಗಮನ ಕೊಡಿ. ಏನು ಬೇಕು ಅಂತ ಯೋಚಿಸಿ ಹೇಳುವುದೂ ಒಂದು ಕೆಲಸ. ಯಾವುದಾದರೂ ಒಂದನ್ನು ನೀವೇ ಪೂರ್ತಿ ವಹಿಸಿಕೊಳ್ಳಿ. ಲಸಿಕೆ ನಿಮ್ಮದಾದರೆ ತಾರೀಖು ನೆನಪಿಡುವುದು, ಕಾರ್ಡ್ ಹುಡುಕುವುದು, ಕರೆದುಕೊಂಡು ಹೋಗುವುದು, ಆ ರಾತ್ರಿ ಜ್ವರ ಬಂದರೆ ನೋಡುವುದು, ಎಲ್ಲ ನಿಮ್ಮದು.

ಹೊಸ ತಾಯಿಯ ಒತ್ತಡದಲ್ಲಿ ದೊಡ್ಡ ಪಾಲು ಹಾಲಿನ ಚಿಂತೆ. ಹಾಲು ಸಾಲುತ್ತಿಲ್ಲ ಅಂತ ನೋಡಲು ಬಂದವರೆಲ್ಲ ಹೇಳುತ್ತಾರೆ, ಮಗು ಅತ್ತರೆ ಸಾಕು. ಸಂಜೆ ಹೊತ್ತು ಮಗು ಗಂಟೆಗೆ ಎರಡು ಸಲ ಎದೆ ಕೇಳುವುದು ಮೊದಲ ವಾರಗಳಲ್ಲಿ ಮಾಮೂಲಿ, ಅದರಿಂದ ಹಾಲು ಕಮ್ಮಿ ಅಂತ ತೀರ್ಮಾನಿಸಲು ಆಗುವುದಿಲ್ಲ. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಸ್ವಲ್ಪ ಇಳಿಯುವುದೂ ಸಹಜ, ಹತ್ತರಿಂದ ಹದಿನಾಲ್ಕು ದಿನದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿ ಬರಬೇಕು. ಐದನೇ ದಿನದ ನಂತರ ದಿನಕ್ಕೆ ಆರು ಅಥವಾ ಅದಕ್ಕಿಂತ ಜಾಸ್ತಿ ಸಲ ಮೂತ್ರ ಮಾಡುತ್ತಿದೆ, ತೂಕ ಏರುತ್ತಿದೆ ಅಂದರೆ ಹಾಲು ಸಾಕಾಗುತ್ತಿದೆ. ಇಷ್ಟು ಗೊತ್ತಿದ್ದರೆ ಎಷ್ಟೋ ಮನೆಗಳಲ್ಲಿ ಎಷ್ಟೋ ಕಣ್ಣೀರು ಉಳಿಯುತ್ತಿತ್ತು. ಲೆಕ್ಕ ಸರಿ ಬರದಿದ್ದರೆ ಡಾಕ್ಟರಿಗೆ ತೋರಿಸಿ. ಎದೆಹಾಲು ಸಾಲದೆ ಬೇರೆ ಹಾಲು ಕೊಡಬೇಕಾಗಿ ಬಂದರೂ ಅವಳು ಸೋತಳು ಅನ್ನುವ ಧಾಟಿಯಲ್ಲಿ ಯಾರೂ ಮಾತಾಡಬೇಡಿ.

ಅಳುವಿನ ವಿಷಯವೂ ಹಾಗೇ. ಆರೋಗ್ಯವಾಗಿರುವ ಮಗುವೂ ಅಳುತ್ತದೆ, ತುಂಬಾ ಅಳುತ್ತದೆ. ಅಮೆರಿಕದ ಮಕ್ಕಳ ವೈದ್ಯ ಬ್ರೇಝಲ್ಟನ್ 1962ರಲ್ಲೇ ತಾಯಂದಿರಿಂದ ದಿನಚರಿ ಬರೆಸಿ ನೋಡಿದ್ದರು. ಹುಟ್ಟಿದ ಮೇಲೆ ವಾರದಿಂದ ವಾರಕ್ಕೆ ಅಳು ಏರುತ್ತಾ ಹೋಗಿ, ಆರನೇ ವಾರದ ಹೊತ್ತಿಗೆ ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆಗೆ ಮುಟ್ಟಿ, ಆಮೇಲೆ ಇಳಿಯುತ್ತಿತ್ತು. ಜಾಸ್ತಿ ಅಳುವುದು ಸಂಜೆಯ ಹೊತ್ತು. ಮೂರು ನಾಲ್ಕು ತಿಂಗಳಿಗೆ ಬಹಳಷ್ಟು ಕಡಿಮೆಯಾಗುತ್ತದೆ. ಈಗ ಯೋಚಿಸಿ, ಆರನೇ ವಾರ ಅಂದರೆ ಯಾವಾಗ? ಸಹಾಯಕ್ಕೆ ಬಂದವರು ವಾಪಸ್ ಹೋಗಿರುತ್ತಾರೆ, ಗಂಡನ ರಜೆ ಎಂದೋ ಮುಗಿದಿರುತ್ತದೆ, ನೋಡಲು ಬರುವವರೂ ಇಲ್ಲ. ಅಳು ಅತಿ ಹೆಚ್ಚಾಗುವ ಹೊತ್ತಿಗೆ ಸರಿಯಾಗಿ ಅವಳು ಒಬ್ಬಳೇ ಆಗುತ್ತಾಳೆ. ಸಹಾಯ ಮಾಡುವ ಮನಸ್ಸಿರುವವರೆಲ್ಲ ಮೊದಲ ವಾರವೇ ಮುಗಿಬೀಳದೆ ಹಂಚಿಕೊಂಡು ಬಂದರೆ ಒಳ್ಳೆಯದು. ಐದು, ಆರು, ಏಳನೇ ವಾರ ಸಂಜೆ ಬಂದು ಎರಡು ಗಂಟೆ ಮಗುವನ್ನು ಎತ್ತಿಕೊಳ್ಳುವವರು ಯಾರಾದರೂ ಇದ್ದರೆ ಅವರನ್ನು ಆ ತಾಯಿ ಜನ್ಮದಲ್ಲಿ ಮರೆಯುವುದಿಲ್ಲ.

ಹಾಗೆ ಯಾರೂ ಇಲ್ಲದ ಮನೆಗಳೂ ಇವೆ. ಅಲ್ಲಿ ಅಳು ನಿಲ್ಲದೆ ತಲೆ ಕೆಡುವ ಹೊತ್ತು ಬಂದರೆ ಮಗುವನ್ನು ಸುರಕ್ಷಿತ ಜಾಗದಲ್ಲಿ ಅಂಗಾತ ಮಲಗಿಸಿ, ಪಕ್ಕದ ಕೋಣೆಗೆ ಹೋಗಿ, ಹತ್ತು ನಿಮಿಷ ಕೂತು ಬರಬಹುದು. ಅಷ್ಟು ಹೊತ್ತು ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ. ಸಿಟ್ಟಿನಲ್ಲಿ ಮಗುವನ್ನು ಹಿಡಿದು ಅಲುಗಾಡಿಸಿದರೆ ಮಾತ್ರ ಮಿದುಳಿಗೆ ಪೆಟ್ಟಾಗುತ್ತದೆ, ಜೀವವೇ ಹೋಗಬಹುದು. ಇದನ್ನು ತಂದೆಯಂದಿರಿಗೂ ಹೇಳಿ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಒಂದು ಸಂಗತಿ. ಮಗುವನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವಾಗ 'ಕೈ ಜಾರಿ ಬಿದ್ದರೆ' ಅಂತ ಒಂದು ಚಿತ್ರ ಕಣ್ಣ ಮುಂದೆ ಬಂದುಬಿಡುತ್ತದೆ. ಸ್ನಾನ ಮಾಡಿಸುವಾಗ ಬರುತ್ತದೆ. ಕೆಲವರಿಗೆ 'ನಾನೇ ಏನಾದರೂ ಮಾಡಿಬಿಟ್ಟರೆ' ಅಂತಲೂ ಬರುತ್ತದೆ, ಬಂದ ತಕ್ಷಣ ಅವಳು ನಡುಗಿಹೋಗುತ್ತಾಳೆ, ನಾನೆಂಥ ತಾಯಿ ಅಂತ ಒಳಗೊಳಗೇ ಬೇಯುತ್ತಾಳೆ. ಬೇಡದಿದ್ದರೂ ನುಗ್ಗಿ ಬರುವ ಇಂಥ ಯೋಚನೆಗಳು ಹೊಸ ತಾಯಂದಿರಲ್ಲಿ ತುಂಬಾ ಸಾಮಾನ್ಯ. ಬಂದವಳಿಗೆ ಅದು ಭಯ ಹುಟ್ಟಿಸುತ್ತಿದೆ, ಬೇಡ ಅನ್ನಿಸುತ್ತಿದೆ ಅಂದರೆ ಅವಳು ಹಾಗೆ ಮಾಡಿಬಿಡುತ್ತಾಳೆ ಅಂತ ಅರ್ಥವಲ್ಲ. ಅವು ದಿನವಿಡೀ ಕಾಡಿ ಮಗುವನ್ನು ಮುಟ್ಟುವುದಕ್ಕೇ ಹೆದರಿಕೆ ಆಗುತ್ತಿದ್ದರೆ ವೈದ್ಯರ ಹತ್ತಿರ ಧೈರ್ಯವಾಗಿ ಹೇಳಬಹುದು, ಅದಕ್ಕೆ ಒಳ್ಳೆಯ ಚಿಕಿತ್ಸೆ ಇದೆ. ಅವಳು ನಂಬಿ ಹೇಳಿಕೊಂಡಾಗ ಎದುರಿನವರು ಬೆಚ್ಚಿಬೀಳದೆ ಕೇಳಬೇಕು, ಅಷ್ಟು ಮಾಡಿದರೂ ಅರ್ಧ ಭಾರ ಇಳಿಯುತ್ತದೆ.

ಒತ್ತಡ ಯಾವುದು, ಕಾಯಿಲೆ ಯಾವುದು ಅನ್ನುವುದನ್ನೂ ನಿಮ್ಮ ಪತ್ರಿಕೆ ಆಗಾಗ ಅಚ್ಚು ಹಾಕುತ್ತಿರಬೇಕು. ಹೆರಿಗೆಯಾಗಿ ಎರಡು ಮೂರು ದಿನಕ್ಕೆ ಕಾರಣವಿಲ್ಲದೆ ಅಳು ಬರುವುದು, ಒಂದು ಕ್ಷಣ ಖುಷಿ ಇನ್ನೊಂದು ಕ್ಷಣ ದುಃಖ, ಇದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುತ್ತದೆ. ಇಂಗ್ಲಿಷಿನಲ್ಲಿ ಬೇಬಿ ಬ್ಲೂಸ್ ಅನ್ನುತ್ತಾರೆ. ಎರಡು ವಾರದೊಳಗೆ ತಾನಾಗೇ ಹೋಗುತ್ತದೆ. ಎರಡು ವಾರ ಕಳೆದರೂ ಹೋಗಲಿಲ್ಲ, ಯಾವುದರಲ್ಲೂ ಸಂತೋಷ ಇಲ್ಲ, ಮಗು ಮಲಗಿ ಸಮಯ ಸಿಕ್ಕರೂ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಎಲ್ಲದಕ್ಕೂ ತನ್ನದೇ ತಪ್ಪು ಅನ್ನಿಸುತ್ತಿದೆ, ಮಗುವಿನ ಮೇಲೆ ಮನಸ್ಸೇ ಹೋಗುತ್ತಿಲ್ಲ, ಇರುವುದಕ್ಕಿಂತ ಸಾಯುವುದೇ ಮೇಲು ಅನ್ನಿಸುತ್ತಿದೆ, ಇದು ಖಿನ್ನತೆ ಇರಬಹುದು. ಹೆರಿಗೆಯಾದ ಕೂಡಲೇ ಬರಬೇಕೆಂದಿಲ್ಲ, ಮೊದಲ ವರ್ಷದಲ್ಲಿ ಯಾವಾಗ ಬೇಕಾದರೂ ಶುರುವಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಹೆರಿಗೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 13 ಜನರಿಗೆ ಮಾನಸಿಕ ತೊಂದರೆ ಬರುತ್ತದೆ, ಅದರಲ್ಲಿ ಮುಖ್ಯವಾದದ್ದು ಖಿನ್ನತೆ. ಅಭಿವೃದ್ಧಿ ಹೊಂದುತ್ತಿರುವ ದೇಶಗಳಲ್ಲಿ ಇದು 20ರ ಹತ್ತಿರ ಇದೆ. ಐದರಲ್ಲಿ ಒಬ್ಬಳು! ನಮಗೆ ಗೊತ್ತಿರುವ ಐದು ಜನ ಹೊಸ ತಾಯಂದಿರ ಮುಖ ನೆನಪಿಸಿಕೊಂಡರೆ ಈ ಸಂಖ್ಯೆ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಇದನ್ನು ಕಂಡುಹಿಡಿಯುವುದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. 1987ರಲ್ಲಿ ಕಾಕ್ಸ್, ಹೋಲ್ಡನ್, ಸಗೋವ್ಸ್ಕಿ ಎಂಬ ಮೂವರು ಸೇರಿ ಎಡಿನ್‌ಬರೋ ಮಾಪನ ಅಂತ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಇರುವುದು ಹತ್ತೇ ಪ್ರಶ್ನೆ. ಕಳೆದ ಏಳು ದಿನದಲ್ಲಿ ನಗು ಬಂತಾ, ಸುಮ್ಮಸುಮ್ಮನೆ ಭಯ ಆಯಿತಾ, ದುಃಖದಿಂದ ನಿದ್ದೆ ಬಾರದೆ ಹೋಯಿತಾ, ಇಂಥವು. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 30. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ, ಅದಕ್ಕೆ ಹೌದು ಅಂದರೆ ಉಳಿದ ಅಂಕ ಎಷ್ಟೇ ಇರಲಿ ತಡಮಾಡದೆ ವೈದ್ಯರನ್ನು ಕಾಣಬೇಕು. ಪೂರ್ತಿ ತುಂಬುವುದಕ್ಕೆ ಐದು ನಿಮಿಷ ಸಾಕು. ಮಗುವಿಗೆ ಲಸಿಕೆ ಹಾಕಿಸಲು ಹೋದಾಗಲೇ ಹೊರಗೆ ಕೂತು ಕಾಯುವ ಹೊತ್ತಿಗೆ ತಾಯಿಯ ಕೈಗೆ ಈ ಒಂದು ಹಾಳೆ ಕೊಡಬಹುದಲ್ಲ? ನಾನು ಹೋಗುತ್ತಿದ್ದ ಕಡೆ ಪ್ರತಿ ಸಲವೂ ಮಗುವನ್ನು ತೂಕ ಮಾಡಿದರು, ಉದ್ದ ಅಳೆದರು, ತಲೆಯ ಸುತ್ತಳತೆ ಬರೆದುಕೊಂಡರು. ನೀನು ಹೇಗಿದ್ದೀಯಮ್ಮಾ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ, ಅತ್ತಿದ್ದರೆ ಒಳ್ಳೆಯದೇ ಆಗುತ್ತಿತ್ತು.

ಎಲ್ಲ ಸುಸ್ತೂ ಮನಸ್ಸಿನದ್ದೇ ಅಂತಲೂ ತಿಳಿಯಬೇಡಿ. ಹೆರಿಗೆಯಲ್ಲಿ ಜಾಸ್ತಿ ರಕ್ತ ಹೋಗಿ ರಕ್ತಹೀನತೆ ಆಗಿರಬಹುದು. ಹೆರಿಗೆಯ ನಂತರದ ಮೊದಲ ವರ್ಷದಲ್ಲಿ ಕೆಲವರಿಗೆ ಥೈರಾಯ್ಡ್ ಗ್ರಂಥಿ ಊದಿಕೊಂಡು ಏರುಪೇರಾಗುತ್ತದೆ. ಮೊದಲು ಎದೆ ಡವಡವ, ಚಡಪಡಿಕೆ, ಆಮೇಲೆ ವಿಪರೀತ ಆಯಾಸ, ಮಂಕು. ನೋಡುವವರಿಗೆ ಖಿನ್ನತೆಯ ಹಾಗೇ ಕಾಣುತ್ತದೆ. ಒಂದು ರಕ್ತಪರೀಕ್ಷೆ ಮಾಡಿಸಿದರೆ ತಿಳಿದುಹೋಗುತ್ತದೆ. ಇದನ್ನು ನೀವೇ ಕೇಳಿ ಮಾಡಿಸಿಕೊಳ್ಳಿ.

ತೀರಾ ಅಪರೂಪಕ್ಕೆ, ಸಾವಿರ ಹೆರಿಗೆಗೆ ಒಂದೆರಡರಂತೆ, ಇದಕ್ಕಿಂತ ಗಂಭೀರವಾದ ಇನ್ನೊಂದು ಬರುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೆ. ರಾತ್ರಿಯಿಡೀ ನಿದ್ದೆ ಇಲ್ಲದಿದ್ದರೂ ಸುಸ್ತೇ ಆಗದಿರುವುದು, ಇಲ್ಲದ ದನಿ ಕೇಳಿಸುವುದು, ಮಗುವಿನ ಬಗ್ಗೆ ವಿಚಿತ್ರವಾದ ನಂಬಿಕೆ, ಮಾತಿಗೆ ಮಾತು ಸೇರದಿರುವುದು. ಹೆರಿಗೆಯ ನಂತರದ ಸೈಕೋಸಿಸ್ ಇದು. ನಾಳೆ ನೋಡೋಣ ಅನ್ನುವ ಹಾಗಿಲ್ಲ, ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ತಾಯಿಯನ್ನು ಮಗುವಿನ ಜೊತೆ ಒಬ್ಬಳನ್ನೇ ಬಿಡಬಾರದು. ಸರಿಯಾದ ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ಚೆನ್ನಾಗಿ ಗುಣವಾಗುತ್ತಾರೆ.

ಮಾತ್ರೆ ತಗೊಂಡರೆ ಹಾಲು ನಿಲ್ಲಿಸಬೇಕು ಅನ್ನುವ ಹೆದರಿಕೆಯಿಂದ ಎಷ್ಟೋ ಜನ ಡಾಕ್ಟರ ಹತ್ತಿರ ಹೋಗುವುದೇ ಇಲ್ಲ. ಖಿನ್ನತೆಗೆ ಕೊಡುವ ಮಾತ್ರೆಗಳಲ್ಲಿ ಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದವು ಇವೆ. ಸರ್ಟ್ರಾಲಿನ್ ಅಂಥದ್ದು, ಅದು ಹಾಲಿಗೆ ಸೇರುವ ಪ್ರಮಾಣ ತೀರಾ ಕಡಿಮೆ. ಯಾವುದು ಯಾರಿಗೆ ಅನ್ನುವುದನ್ನು ವೈದ್ಯರೇ ನಿರ್ಧರಿಸಬೇಕು, ಆದರೆ ಈ ಹೆದರಿಕೆಯಿಂದ ದೂರ ಉಳಿಯುವುದು ಬೇಡ. ಮಾತ್ರೆ ಇಲ್ಲದೆಯೂ ತುಂಬಾ ಜನ ಗುಣವಾಗುತ್ತಾರೆ. ಪಾಕಿಸ್ತಾನದ ಹಳ್ಳಿಗಳಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಬಸಿರಿನಿಂದ ಹಿಡಿದು ಹೆರಿಗೆಯ ನಂತರದವರೆಗೂ ಖಿನ್ನತೆ ಇದ್ದ ತಾಯಂದಿರ ಜೊತೆ ಕೂತು ಮಾತಾಡಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಆರು ತಿಂಗಳ ಹೊತ್ತಿಗೆ ಆ ತಾಯಂದಿರಲ್ಲಿ ಖಿನ್ನತೆ ಉಳಿದದ್ದು ನೂರಕ್ಕೆ 23 ಜನರಲ್ಲಿ, ಅಂಥ ಮಾತುಕತೆ ಸಿಗದವರಲ್ಲಿ 53. ಅವರು ಮನೋವೈದ್ಯರಲ್ಲ, ಮನೆಗೆ ಬಂದು ಹೋಗುವ ಸಾಮಾನ್ಯ ಹೆಂಗಸರು. ಮನೆಯವರನ್ನೂ ಜೊತೆಗೆ ಕೂರಿಸಿಕೊಂಡು ಮಾತಾಡಿಸಿದರು ಅನ್ನುವುದನ್ನು ನಾನು ಇಲ್ಲಿ ವಿಶೇಷವಾಗಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆ ಆಮೇಲೆ ಇದನ್ನೇ ಕೈಪಿಡಿ ಮಾಡಿ ಎಲ್ಲ ದೇಶಗಳಿಗೂ ಕೊಟ್ಟಿದೆ.

ತಂದೆಯರನ್ನೂ ಮರೆಯುವುದು ಬೇಡ. ಮಗು ಹುಟ್ಟುವ ಆಸುಪಾಸಿನಲ್ಲಿ ಹತ್ತರಲ್ಲಿ ಒಬ್ಬ ತಂದೆಗೂ ಖಿನ್ನತೆ ಬರುತ್ತದೆ, ಹೆಚ್ಚಾಗಿ ಮೂರರಿಂದ ಆರು ತಿಂಗಳ ಹೊತ್ತಿಗೆ. ಅವರಲ್ಲಿ ಅದು ಅಳುವಾಗಿ ಕಾಣುವುದು ಕಮ್ಮಿ, ಸಿಡುಕಾಗಿ, ಮನೆಗೆ ತಡವಾಗಿ ಬರುವುದಾಗಿ ಕಾಣಬಹುದು. ಗಂಡ ಕುಸಿದರೆ ಅವಳ ಭಾರ ಇನ್ನೂ ಏರುತ್ತದೆ. ಆದ್ದರಿಂದ ಅವನಿಗೂ ರಜೆ ಬೇಕು, ಅವನನ್ನೂ ಕೇಳಬೇಕು.

ರಜೆ ಅಂದೆನಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2000ನೇ ಇಸವಿಯಲ್ಲೇ ಕನಿಷ್ಠ 14 ವಾರ ಹೆರಿಗೆ ರಜೆ ಕೊಡಬೇಕು ಅಂದಿತ್ತು. ಕಾಗದದ ಮೇಲೆ ರಜೆ ಇದ್ದವರಿಗೂ ಅದು ಸಿಗುವುದು ಸಂಬಳದ ಕೆಲಸದಲ್ಲಿದ್ದರೆ ಮಾತ್ರ. ದಿನಗೂಲಿಯವಳಿಗೆ, ತನ್ನದೇ ಚಿಕ್ಕ ಅಂಗಡಿ ಇಟ್ಟವಳಿಗೆ ಯಾರು ರಜೆ ಕೊಡುತ್ತಾರೆ? ಅವಳಿಗೆ ಯಾವ ಲೇಖನದ ಯಾವ ಸಲಹೆಯೂ ಮುಟ್ಟುವುದಿಲ್ಲ. ಮುಟ್ಟುವುದು ಕೈಗೆ ಬರುವ ಹಣ ಮತ್ತು ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ, ಈ ಎರಡೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೆರಿಗೆಯ ನಂತರದ ಆರೈಕೆಗೆ ಹೊಸ ಮಾರ್ಗಸೂಚಿ ತಂದಿತು. ಮೊದಲ ದಿನ ಆರೈಕೆ, ಆಮೇಲೆ ಆರು ವಾರದೊಳಗೆ ಕನಿಷ್ಠ ಮೂರು ಸಲ ತಾಯಿ ಮಗುವನ್ನು ನೋಡಬೇಕು, ತಾಯಿಯ ಮನಸ್ಸನ್ನೂ ವಿಚಾರಿಸಬೇಕು ಅಂತ ಅದರಲ್ಲಿದೆ. ಹತ್ತರಲ್ಲಿ ಮೂವರು ತಾಯಂದಿರಿಗೆ ಆ ಆರೈಕೆ ಸಿಗುತ್ತಿಲ್ಲ ಅಂತ ಆಗ ಅವರೇ ಹೇಳಿದ್ದರು.

ಸಂಪಾದಕರೇ, ಪತ್ರಿಕೆಯ ಕೈಯಲ್ಲಿರುವುದು ಏನು ಅಂತ ನಾನೂ ಯೋಚಿಸಿದೆ. ಎಡಿನ್‌ಬರೋ ಪ್ರಶ್ನಾವಳಿಯ ಬಗ್ಗೆ ಒಬ್ಬ ಮನೋವೈದ್ಯರಿಂದ ಬರೆಸಿ, ಎಷ್ಟು ಅಂಕ ಬಂದರೆ ಏನು ಮಾಡಬೇಕು ಅನ್ನುವುದನ್ನೂ ಹಾಕಿಸಿ. ಮಗುವನ್ನು ಎತ್ತಿಕೊಳ್ಳುವುದು, ತೇಗು ಬರಿಸುವುದು, ರಾತ್ರಿ ಮಲಗಿಸುವುದು ಹೇಗೆ ಅಂತ ಗಂಡಸರಿಗೇ ಒಂದು ಅಂಕಣ ಶುರುಮಾಡಿ, ಮಹಿಳಾ ಪುಟದಲ್ಲಿ ಬೇಡ, ಅವರು ಓದುವ ಪುಟದಲ್ಲಿ, ಕ್ರೀಡೆಯ ಪಕ್ಕದಲ್ಲೇ ಆದರೂ ಸರಿ. ಮಗು ಹುಟ್ಟಿದ ವಾರಕ್ಕೇ ನಗುನಗುತ್ತಾ ಕೂತ, ಕೂದಲು ಬಾಚಿ ತುಟಿಗೆ ಬಣ್ಣ ಹಚ್ಚಿದ ತಾಯಿಯ ಚಿತ್ರವನ್ನು ಇಂಥ ಲೇಖನಗಳ ಜೊತೆ ಹಾಕುವುದನ್ನು ನಿಲ್ಲಿಸಿ. ಮತ್ತೆ ಈ ಪತ್ರವನ್ನು ಪೂರ್ತಿ ಹಾಕಲು ಜಾಗ ಇಲ್ಲದಿದ್ದರೆ ಉಳಿದದ್ದನ್ನು ಕತ್ತರಿಸಿ, ನಿದ್ದೆಯ ಭಾಗ ಮತ್ತು ಎರಡು ವಾರ ಕಳೆದರೂ ಹೋಗದ ದುಃಖದ ಭಾಗ, ಇವೆರಡನ್ನು ಮಾತ್ರ ಉಳಿಸಿಕೊಳ್ಳಿ.

ಇಂತಿ,
ನಿಮ್ಮ ಪತ್ರಿಕೆ ಓದುವ ಒಬ್ಬ ತಾಯಿ